ಕ್ಲಚ್ಚಿನೊಳಗಿನ ಮನೆ

“ಈ ಮನೇಲಿ ಸಕ್ಕರೆ ಎಲ್ಲಿಡ್ತಾರಪ್ಪಾ?”

ಒಡ್ಡಿನ ತಿರುವಿನಲ್ಲಿ ಗೇರು ಇಳಿಸಲೆಂದು ಕ್ಲಚ್ಚು ಹಿಡಿದಿದ್ದೆ, ಅಷ್ಟೇ. ಹೆಂಗಸಿನ ದನಿ. ಯಾರನ್ನೂ ಉದ್ದೇಶಿಸಿ ಕೇಳಿದ ಹಾಗಿರಲಿಲ್ಲ. ಡಬ್ಬಗಳನ್ನು ತೆಗೆದು ಮುಚ್ಚುವ ಸದ್ದಿನ ನಡುವೆ ತಾನಾಗಿ ಹೊರಬಿದ್ದ ಪ್ರಶ್ನೆ. ನನಗೆ ಎಷ್ಟು ಗಾಬರಿಯಾಯಿತೆಂದರೆ ಹಿಡಿದ ಕ್ಲಚ್ಚನ್ನು ಬಿಡುವುದೇ ಮರೆತು, ಬೈಕು ಇಳಿಜಾರಿನಲ್ಲಿ ತನ್ನ ಪಾಡಿಗೆ ಉರುಳತೊಡಗಿತು. ಎದುರಿಗೆ ಬಂದ ಎಮ್ಮೆಯೊಂದು ನನ್ನ ಮುಖ ನೋಡಿ ತಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಗಾಬರಿ ಏಕೆಂದರೆ ಅದು ನನ್ನ ಮನೆಯ ದನಿ, ಮತ್ತು ನನ್ನ ಮನೆಯಲ್ಲಿ ದನಿ ಅನ್ನುವುದೇ ಇರಲಿಲ್ಲ. ನಮ್ಮೂರಲ್ಲಿ ಓಡುವ ಗಾಡಿಯ ಕ್ಲಚ್ಚು ಹಿಡಿದರೆ ಅವರವರ ಮನೆಯ ಸದ್ದು ಕೇಳಿಸುತ್ತದೆ. ಅವ್ವ ತೀರಿಕೊಂಡ ಮೇಲೆ ಕ್ಲಚ್ಚು ಹಿಡಿದಾಗಲೆಲ್ಲ ನನಗೆ ಕೇಳುತ್ತಿದ್ದದ್ದು ಗೋಡೆ ಗಡಿಯಾರದ ಟಿಕ್ ಟಿಕ್, ಬಚ್ಚಲ ನಲ್ಲಿಯ ತೊಟ್ಟು, ಹೆಚ್ಚೆಂದರೆ ಬೆಕ್ಕು ಅಕ್ಕಿ ಡಬ್ಬದ ಮೇಲಿಂದ ಧುಮುಕಿದ ಸದ್ದು. ಅದಕ್ಕೇ ಒಗ್ಗಿಕೊಂಡಿದ್ದೆ. ಬೇರೆಯವರ ಕ್ಲಚ್ಚಿನಲ್ಲಿ ಹೆಂಡತಿ, ಮಕ್ಕಳು, ಅತ್ತೆ, ಕುಕ್ಕರು. ನನ್ನ ಕ್ಲಚ್ಚಿನಲ್ಲಿ ಗಡಿಯಾರ. ದೇವರು ಕೊಟ್ಟದ್ದು ಇಷ್ಟು ಅಂದುಕೊಂಡು ಅದನ್ನೇ ಕಿವಿಗೊಟ್ಟು ಕೇಳುತ್ತಿದ್ದೆ.

ನಮ್ಮೂರಿನಲ್ಲಿ ಸಂಜೆ ಯಾವ ಬೀದಿಯಲ್ಲಿ ನಡೆದು ಹೋದರೂ ಅಡಿಗೆಮನೆಗಳೆಲ್ಲ ಗೋಡೆಯ ಜೊತೆ ಮಾತಾಡುತ್ತಿರುತ್ತವೆ. ಗಂಡಸರು ಕೆಲಸ ಮುಗಿಸಿ ಬರುವಾಗ ಒಡ್ಡಿನ ತಿರುವಿನಲ್ಲಿ ಗೇರು ಇಳಿಸಲೇಬೇಕು, ಅದು ಎಲ್ಲರಿಗೂ ಗೊತ್ತು. ಆ ಹೊತ್ತಿಗೆ ಸರಿಯಾಗಿ ಮನೆಮನೆಯಲ್ಲೂ “ಕೊತ್ತಂಬರಿ ಮರೀಬೇಡಿ”, “ನಿಮ್ಮ ತಂಗಿ ಬಂದವಳೆ, ಕಾಲು ಕೆಜಿ ಖಾರ ತನ್ನಿ”, “ಚಿಕ್ಕೋನು ಬಿದ್ದು ಮಂಡಿ ತರಚ್ಕೊಂಡವ್ನೆ, ಗಾಬರಿ ಬೀಳ್ಬೇಡಿ, ನಿಧಾನ ಬನ್ನಿ” ಎಂದು ಶುರುವಾಗುತ್ತದೆ. ಅತ್ತೆ ಸೊಸೆಯರ ಜಗಳಗಳು ಆ ಹೊತ್ತಿನಲ್ಲಿ ಸ್ವಲ್ಪ ಬಿಡುವು ತೆಗೆದುಕೊಳ್ಳುತ್ತವೆ. ಬೇಡದ್ದನ್ನು ತರಲು ಹೇಳಿದರೆ ಗಂಡಂದಿರ ಉತ್ತರ ಒಂದೇ: “ಟಾಪ್ ಗೇರಲ್ಲಿದ್ದೆ ಕಣೇ, ಕೇಳಿಸ್ಲೇ ಇಲ್ಲ.” ಈ ಸಬೂಬು ಹೆಚ್ಚಾದಾಗ ಹೆಂಗಸರ ಸಂಘದವರು ಪುರಸಭೆಗೆ ಹೋಗಿ ಕೂತು ಬಜಾರು ರಸ್ತೆಗೆ ಹೆಜ್ಜೆಗೊಂದು ಹಂಪು ಹಾಕಿಸಿದರು. ಹೊಸದಾಗಿ ಮದುವೆಯಾದವರು ಯಾರೆಂದು ಮೆಕ್ಯಾನಿಕ್ಕುಗಳು ಕ್ಲಚ್ ಪ್ಲೇಟು ಬಿಚ್ಚಿ ನೋಡಿಯೇ ಹೇಳುತ್ತಾರೆ, ಕರಕಲಾಗಿರುತ್ತದೆ. ಗೇರಿಲ್ಲದ ಸ್ಕೂಟರಿಗೆ ನಮ್ಮಲ್ಲಿ ಕಿವುಡು ಗಾಡಿ ಎಂದು ಹೆಸರು. ಅದನ್ನು ಕೊಳ್ಳುವವರನ್ನು ಊರು ಒಂದು ಥರ ಕನಿಕರದಿಂದ ನೋಡುತ್ತದೆ, ಕೆಲವರನ್ನು ಹೊಟ್ಟೆಕಿಚ್ಚಿನಿಂದ.

ನಾನು ಪಂಚಾಕ್ಷರಿ. ಕೊಟ್ರೇಶನ ಬೈಕ್ ಷೋರೂಮಿನಲ್ಲಿ ಹೊಸ ಗಾಡಿಗಳನ್ನು ಘಾಟಿ ರಸ್ತೆಗೆ ಒಯ್ದು ಓಡಿಸಿ ನೋಡುವುದು, ಕೊಳ್ಳಲು ಬಂದವರನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸುವುದು ನನ್ನ ಕೆಲಸ. ತಲೆಗೂದಲು ಅರ್ಧ ಬೆಳ್ಳಗಾದವನು ರೇಸಿನ ಬೈಕಿನ ಮೇಲೆ ಬಗ್ಗಿ ಕೂತರೆ ಜನ ನಗುತ್ತಾರೆ, ನಗಲಿ. ಷೋರೂಮಿಗೆ ಹೋಗಿಬರಲು ನನ್ನದೇ ಒಂದು ಹಳೇ ಬೈಕಿದೆ. ಅವ್ವ ಬದುಕಿದ್ದಾಗ ಸಂಜೆ ದೀಪ ಹಚ್ಚಿ ಷಟ್ಪದಿ ಓದುತ್ತಿದ್ದಳು, ರಾಗವಾಗಿ, ನಾನು ಗಾಡಿಯ ಮೇಲಿರುವ ಹೊತ್ತು ನೋಡಿಕೊಂಡು. ನಾನು ಹುಟ್ಟಿದ್ದು ಬೆಳೆದದ್ದು ಆ ಓದಿನ ಕೆಳಗೆ. ಹಾಗೆ ಗಟ್ಟಿಯಾಗಿ ಓದಲು ಮಾತ್ರ ನನಗೆ ಬಾರದು. ಬಾಯಿ ತೆರೆದರೆ ನಾಚಿಕೆ ಬಂದು ಕೂತುಬಿಡುತ್ತದೆ. ಕೇಳುವುದೊಂದೇ ನನ್ನ ವಿದ್ಯೆ. ಓದುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ಕೇಳುವವರಿಗೆ ಅರ್ಥ ಹುಟ್ಟುತ್ತದೆ ಎನ್ನುತ್ತಿದ್ದಳು ಅವ್ವ. ಅವಳು ಹೋಗುವಾಗ ಕೇಳಿಕೊಂಡದ್ದು ಒಂದೇ, ಮುಸ್ಸಂಜೆಗೆ ದೇವರ ಗೂಡಿನಲ್ಲಿ ದೀಪ ತಪ್ಪಬಾರದು. ನಾನು ಮನೆ ಸೇರುವಾಗ ಮುಸ್ಸಂಜೆ ದಾಟಿರುತ್ತದೆ. ಹಾಗಾಗಿ ಪಕ್ಕದ ಮನೆಯ ಹಾಲಮ್ಮಜ್ಜಿಯ ಹತ್ತಿರ ಒಂದು ಬೀಗದ ಕೈ ಕೊಟ್ಟಿದ್ದೆ. ಅವಳು ಮಾತಿಲ್ಲದೆ ಬಂದು ದೀಪ ಹಚ್ಚಿ ಮಾತಿಲ್ಲದೆ ಹೋಗುತ್ತಿದ್ದಳು.

ಎಮ್ಮೆಯನ್ನು ದಾಟಿದ ಮೇಲೆ ನೆನಪಾಯಿತು. ಬೆಳಿಗ್ಗೆ ಹಾಲಮ್ಮಜ್ಜಿ ಗೇಟಿನಲ್ಲಿ ನಿಲ್ಲಿಸಿ ಹೇಳಿದ್ದಳು: “ನನಗೆ ಮಂಡಿ ಹಿಡ್ಕಂಡದೆ ಕಣಪ್ಪ. ನಮ್ಮ ಮಹಡಿ ರೂಮಿಗೆ ಒಬ್ಬರು ಬಂದವರಲ್ಲ, ದಾಕ್ಷಾಯಣಿ ಅಂತ, ದನದ ಆಸ್ಪತ್ರೆ ಕಾಂಪೌಂಡರು. ಇನ್ನು ಮೇಲೆ ಅವರೇ ದೀಪ ಹಚ್ತಾರಂತೆ. ಅವರ ರೂಮಲ್ಲಿ ಒಲೆ ಇಲ್ಲ. ಒಂದು ಲೋಟ ಟೀ ಕಾಸ್ಕಂಡ್ರೆ ನಿನ್ನ ಗಂಟೇನು ಹೋಗಲ್ಲವಲ್ಲ?” ನಾನು “ಹೂಂ” ಅಂದಿದ್ದೆ.

ಆ ರಾತ್ರಿ ಸಕ್ಕರೆ ಡಬ್ಬವನ್ನು ಅಟ್ಟದ ಮೇಲಿನಿಂದ ತೆಗೆದು, ಮುಚ್ಚಳ ಸಡಿಲಿಸಿ, ಒಲೆಯ ಪಕ್ಕಕ್ಕೇ ಇಟ್ಟೆ. ಮರುದಿನ ಒಡ್ಡಿನ ತಿರುವಿನಲ್ಲಿ ಕೇಳಿಸಿತು: “ಅರೆ! ಇಲ್ಲೇ ಇದೆಯಲ್ಲ!” ನನಗೆ ಯಾರೋ ಬೆನ್ನು ತಟ್ಟಿದಷ್ಟು ಖುಷಿಯಾಯಿತು.

ಹೀಗೆ ಶುರುವಾಯಿತು ನಮ್ಮ ಮಾತುಕತೆ. ಮಾತುಕತೆ ಅಂತಲೇ ನಾನು ತಿಳಿದದ್ದು. ಅವರು ಕೇಳುವುದು, ನಾನು ಒದಗಿಸುವುದು. “ಈ ಜರಡೀಲಿ ಟೀ ಸೋಸಿದ್ರೆ ಪುಡಿಯೆಲ್ಲ ಲೋಟಕ್ಕೇ ಬೀಳುತ್ತೆ” ಅಂದರು. ಹೊಸ ಜರಡಿ ತಂದೆ. “ಈ ಕಿಟಕಿ ಯಾವ ಜನ್ಮದಲ್ಲಿ ತೆಗೆದದ್ದೋ” ಅಂದರು. ಚಿಲಕಕ್ಕೆ ಎಣ್ಣೆ ಬಿಟ್ಟೆ. “ನಿನ್ನ ಹೆಸರೇನೇ ಬಿಳೀ ಮೂತಿ?” ಅಂತ ಬೆಕ್ಕನ್ನು ಕೇಳಿದರು, ಅದರ ಹಾಲಿನ ತಟ್ಟೆಯ ಮೇಲಿನ ಗೋಡೆಗೆ ಸೀಮೆಸುಣ್ಣದಲ್ಲಿ ‘ಚಂಪಿ’ ಎಂದು ಬರೆದಿಟ್ಟೆ. ಮರುದಿನ ಕ್ಲಚ್ಚು ಹಿಡಿದರೆ ನಗು. ಒಬ್ಬರೇ ಇದ್ದಾಗ ಅಷ್ಟು ದೊಡ್ಡದಾಗಿ ನಗುವವರನ್ನು ನಾನು ಅದುವರೆಗೆ ಕೇಳಿರಲಿಲ್ಲ. ದಿನವಿಡೀ ಹಸು ಎಮ್ಮೆಗಳ ಜೊತೆ ಮಾತಾಡಿ ಅಭ್ಯಾಸವಾದವರು ಅವರು, ಪಾತ್ರೆ ಪಡಗ ಯಾವುದನ್ನೂ ಬಿಡದೆ ಮಾತಾಡಿಸುತ್ತಿದ್ದರು. ಹಾಲು ಉಕ್ಕಿದರೆ ಹಾಲಿಗೇ ಬೈಗುಳ.

ಎದುರಿಗೆ ಸಿಕ್ಕರೆ ಮಾತ್ರ ನಮ್ಮಿಬ್ಬರ ಕಥೆ ಬೇರೆ. ಬೆಳಿಗ್ಗೆ ಗೇಟಿನಲ್ಲಿ ಅವರು “ಹೊರಟ್ರಾ?” ಅನ್ನುತ್ತಿದ್ದರು, ನಾನು “ಹೂಂ” ಅನ್ನುತ್ತಿದ್ದೆ. ನೀಲಿ ಅಂಚಿನ ಸೀರೆ, ತೋಳಿಗೆ ಜೋತುಬಿದ್ದ ಕೈಚೀಲ, ಕನ್ನಡಕದ ಮೇಲಿಂದ ನೋಡುವ ಕಣ್ಣು. ಮದುವೆ ಅನ್ನುವುದು ಅವರ ಮನೆ ಬಾಗಿಲವರೆಗೆ ಬಂದು ಯಾವುದೋ ಕಾರಣಕ್ಕೆ ಹಿಂದಿರುಗಿ ಹೋಗಿತ್ತಂತೆ. ಆಮೇಲೆ ಅವರೂ ಕರೆಯಲಿಲ್ಲ, ಅದೂ ಬರಲಿಲ್ಲ. ಇದು ಹಾಲಮ್ಮಜ್ಜಿ ಕೇಳದೆಯೇ ಕೊಟ್ಟ ವರದಿ.

ಒಂದು ಸಂಜೆ ಅವರು ಅವ್ವನ ಷಟ್ಪದಿಯ ಪುಸ್ತಕ ತೆಗೆದು ಓದತೊಡಗಿದರು. ನಾನು ಘಾಟಿಯಿಂದ ಇಳಿಯುತ್ತಿದ್ದೆ. ಗೇರು ಬದಲಿಸುವ ಅಗತ್ಯವೇ ಇಲ್ಲದ ಕಡೆಯಲ್ಲೂ ಕ್ಲಚ್ಚು ಹಿಡಿದೆ. ಓದುವುದು ಚೆನ್ನಾಗಿಯೇ ಇತ್ತು, ಆದರೆ ಸಾಲಿನ ನಡುಮಧ್ಯೆ ಉಸಿರು ಎಳೆದುಕೊಂಡು, ನಿಲ್ಲಬೇಕಾದ ಕಡೆ ಓಡಿ, ಪದಗಳು ಒಂದರ ಕಾಲು ಒಂದು ತುಳಿಯುತ್ತಿದ್ದವು. “ಏನಪ್ಪಾ ಇದು, ಎಲ್ಲಿ ನಿಲ್ಲಬೇಕೋ ಗೊತ್ತಾಗಲ್ಲ” ಎಂದರು ಕೊನೆಗೆ. ಆ ರಾತ್ರಿ ಕೂತು, ಅವರು ಓದಿದ ಪುಟಗಳಲ್ಲಿ, ಉಸಿರಿನ ಜಾಗ ಸಿಕ್ಕಿದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಒಂದೊಂದು ಸಣ್ಣ ಗೆರೆ ಎಳೆದೆ. ಅವ್ವ ನಿಲ್ಲುತ್ತಿದ್ದ ಜಾಗಗಳೇ ಅವು. ನನ್ನ ಕಿವಿಯಲ್ಲಿ ಹಾಗೇ ಇದ್ದವು. ಮರುದಿನ ಅವರು ಓದಿದರು. ಗೆರೆ ಬಂದ ಕಡೆ ನಿಂತರು. ನಾನು ಬೈಕನ್ನು ಒಡ್ಡಿನ ಮೇಲೆ ಅತ್ತಿಂದಿತ್ತ ಓಡಿಸುತ್ತ, ನಿಂತರೆ ಕೇಳಿಸುವುದಿಲ್ಲವಲ್ಲ, ಚಕ್ರ ಉರುಳುತ್ತಿರಬೇಕಲ್ಲ, ಕತ್ತಲಾಗುವವರೆಗೆ ಕ್ಲಚ್ಚು ಹಿಡಿದು ಬಿಟ್ಟು ಹಿಡಿದು ಬಿಟ್ಟು ಕೇಳಿದೆ. ವಾಕಿಂಗಿಗೆ ಬಂದವರು ನನಗೆ ತಲೆ ಕೆಟ್ಟಿದೆಯೆಂದು ತಿಳಿದರು. ಕ್ಲಚ್ ಪ್ಲೇಟು ಆ ವಾರವೇ ಹೋಯಿತು. ಬಿಚ್ಚಿದ ಮೆಕ್ಯಾನಿಕ್ಕು ಪ್ಲೇಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಯಾವಾಗ ಊಟ ಹಾಕಿಸ್ತೀರಿ ಅಣ್ಣಾ?” ಎಂದು ಕೇಳಿ ನನ್ನ ಮುಖಕ್ಕೆ ರಕ್ತ ನುಗ್ಗುವಂತೆ ಮಾಡಿದ.

ಅದೇ ದಿನಗಳಲ್ಲಿ ಕೊಟ್ರೇಶನ ಷೋರೂಮಿಗೆ ಆ ಹೊಸ ಬೈಕು ಬಂತು. ಕೆಂಪು ಬಣ್ಣ, ಮಿಡತೆಯ ಹಾಗೆ ಕೂತ ಮೈ. ನಾನು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದರೆ, ಎಡಗೈ ಹಿಡಿಕೆಯ ಮುಂದೆ ಬೋಳು. ಕ್ಲಚ್ಚೇ ಇಲ್ಲ.

“ಇದೆ ಪಂಚಣ್ಣ, ಎಲ್ಲೂ ಹೋಗಿಲ್ಲ” ಎಂದ ಕೊಟ್ರೇಶ. ಅವನು ನನಗಿಂತ ಚಿಕ್ಕವನು, ಮಾಲೀಕನಾದರೂ ಅಣ್ಣ ಅನ್ನುತ್ತಾನೆ. “ಹಿಡಿಯೋ ಕೆಲಸ ಮಾತ್ರ ನಿಮ್ಮದಲ್ಲ. ಒಳಗೊಂದು ಪುಟ್ಟ ಮೋಟರು ಕೂತದೆ. ಗುಂಡಿ ಒತ್ತಿ, ಕಣ್ಣು ಮಿಟುಕಿಸೋದ್ರೊಳಗೆ ಅದೇ ಹಿಡಿದು, ಗೇರು ಹಾಕಿ, ಅದೇ ಬಿಡ್ತದೆ. ಇಳಿಸೋವಾಗ ರೇಸನ್ನೂ ಅದೇ ಕೊಡ್ಕಂತದೆ. ನೀವು ಸುಮ್ಮನೆ ಕೂತ್ಕಂಡು ಹೋಗೋದು.”

“ಮತ್ತೆ ಮನೆ?”

“ಮನೆ ಎಲ್ಲಿಗೆ ಹೋಗ್ತದೆ ಅಣ್ಣಾ, ಕಟ್ಟಿದ ಜಾಗದಲ್ಲೇ ಇರ್ತದೆ.”

ಓಡಿಸಿ ನೋಡಿದೆ. ಗುಂಡಿ ಒತ್ತಿದರೆ ಟಕ್, ಒತ್ತಿದರೆ ಟಕ್, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಗೇರುಗಳು ಏರಿದವು. ಸುಳ್ಳು ಯಾಕೆ ಹೇಳಲಿ, ಸುಖವಾಗಿತ್ತು. ಆದರೆ ಮನೆ ಸಾಸಿವೆ ಕಾಳಿನಷ್ಟೇ ಕೇಳಿಸಿತು. ಗಡಿಯಾರದ ಟಿಕ್ಕಿನಲ್ಲಿ ಅರ್ಧ ಈ ಗೇರಿಗೆ ಸಿಕ್ಕಿದರೆ ಉಳಿದರ್ಧ ಮುಂದಿನ ಗೇರಿಗೆ. ಉಸಿರೇ ತೆಗೆದುಕೊಳ್ಳದೆ ಕಾವ್ಯ ಓದುವವನ ಮುಂದೆ ಕೂತ ಹಾಗಾಯಿತು.

ನೋಡಲು ಊರ ಗಂಡಸರೆಲ್ಲ ಬಂದರು. ಸವರಿದರು, ಹತ್ತಿದರು, ಇಳಿದರು, ನಿಟ್ಟುಸಿರು ಬಿಟ್ಟು ಹೋದರು. ಕೊಳ್ಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಇನ್ನು ಮೇಲೆ ನೀನು ಹೇಳುವುದು ನನಗೆ ಕೇಳಿಸುವುದಿಲ್ಲ ಎಂದು ಮನೆಗೆ ಹೋಗಿ ಯಾವ ಗಂಡಸು ಹೇಳುತ್ತಾನೆ? ಕೊಟ್ರೇಶನ ಕಣ್ಣು ನನ್ನ ಮೇಲೆ ಬಿತ್ತು. “ನೀವೊಬ್ಬರು ತಗಂಡ್ರೆ ಸಾಕು ಪಂಚಣ್ಣ. ನಿಮ್ಮ ಹಳೇ ಗಾಡಿ ನಮಗೆ ಕೊಡಿ, ಇದನ್ನ ತಗಳ್ಳಿ. ಆ ಹಳೇದನ್ನ ಗಾಜಿನ ಹಿಂದೆ ನಿಲ್ಸಿ ಮೇಲೆ ಬೋರ್ಡು ಹಾಕ್ತೀನಿ: ಒಡ್ಡಿನ ಮೇಲೆ ಮನೆ ಕೇಳ್ತಾ ತಿರುಗ್ತಿದ್ದ ಪಂಚಾಕ್ಷರಯ್ಯನೋರೇ ಕ್ಲಚ್ಚು ಬಿಟ್ಟರು! ಒಂದು ವಾರದಲ್ಲಿ ಊರೇ ಬಿಡ್ತದೆ.” ನಾನು ತಲೆಯಲ್ಲಾಡಿಸಿ, ಆಗಲ್ಲ ಎಂದೆ.

ಆದರೆ ಆದದ್ದು ನೋಡಿ. ಒಂದು ಸಂಜೆ ಬಜಾರಿನ ಹಂಪುಗಳ ಮೇಲೆ ಬರುತ್ತಿದ್ದೆ. ಒಂದೊಂದು ಹಂಪಿಗೂ ಕ್ಲಚ್ಚು, ಒಂದೊಂದು ಕ್ಲಚ್ಚಿಗೂ ತುಂಡು ತುಂಡಾಗಿ ಮನೆ. ದಾಕ್ಷಾಯಣಿಯವರು ಬೆಕ್ಕಿನ ಜೊತೆ ಮಾತಾಡುತ್ತಿದ್ದರು.

“ಚಂಪೀ, ನಿಮ್ಮ ಯಜಮಾನ್ರು ಎಂಥಾ ಮನುಷ್ಯರೇ? ಗೇಟಿನ ಹತ್ರ ನೋಡಿದ್ರೆ ‘ಹೂಂ’ ಬಿಟ್ರೆ ಮಾತಿಲ್ಲ. ಮನೆಯೊಳಗೆ ನೋಡಿದ್ರೆ ನನ್ನ ಮನಸ್ಸಲ್ಲಿದ್ದದ್ದು ಎದುರಿಗೇ ಬಂದು ಕೂತಿರುತ್ತೆ.” ಹಂಪು. “ನಲವತ್ತು ದಾಟಿದ ಮೇಲೆ ಇದೆಲ್ಲ ಬೇಕಾ ಅಂತ ನಾನೇ ನನಗೆ ಬೈಕೊಂಡೆ ಕಣೆ.” ಹಂಪು. “ಅವರೇನಾದ್ರೂ ಒಂದು ಸಲ ಬಾಯಿಬಿಟ್ಟು ಕೇಳಿಬಿಟ್ರೆ, ಈ ಸಲ ನಾನೇ ‘ಹೂಂ’ ಅಂದುಬಿಡ್ತೀನೇನೋ!” ಹಂಪು. “ಥೂ, ಎಂಥಾ ಮಾತು ಬಂತು ನನ್ನ ಬಾಯಲ್ಲಿ. ಯಾರಾದ್ರೂ ಕೇಳಿಸ್ಕೊಂಡ್ರೆ ಮಾನ ಹೋಗುತ್ತೆ. ಹೋಗಲಿ ಬಿಡು, ನಿನ್ನ ಬಿಟ್ರೆ ಯಾರಿದ್ದಾರೆ ಇಲ್ಲಿ?”

ಬೈಕು ಗಕ್ಕನೆ ಹಾರಿ ನಿಂತುಹೋಯಿತು. ಹಿಂದಿನವರು ಹಾರನ್ನು ಬಡಿದರು. ನಾನು ಬಜಾರಿನ ನಟ್ಟನಡುವೆ, ಕಿವಿಯವರೆಗೆ ಕೆಂಪಾಗಿ, ಕೂತೇ ಇದ್ದೆ. ಅವರಿಗೆ ಗೊತ್ತಿರಲಿಲ್ಲ. ಹೊರಗಿನಿಂದ ವರ್ಗವಾಗಿ ಬಂದವರು. ಅವರ ಕಡೆ ಕ್ಲಚ್ಚು ಹಿಡಿದರೆ ಗೇರು ಬೀಳುತ್ತದೆ, ಅಷ್ಟೇ. ಬೆಳಗಾದರೆ ಬೆಳಕಾಗುತ್ತದೆ ಅಂತ ಯಾರು ಯಾರಿಗೆ ಹೇಳುತ್ತಾರೆ? ನಾನು ಹೇಳಿರುತ್ತೇನೆ ಎಂದು ಹಾಲಮ್ಮಜ್ಜಿ, ಅವಳು ಹೇಳಿರುತ್ತಾಳೆ ಎಂದು ನಾನು. ಅವರ ಪಾಲಿಗೆ ಅದು ಗೋಡೆಗೆ ಆಡಿದ ಮಾತು. ನಾನು ಆ ಗೋಡೆಯೊಳಗೆ ಕೂತಿದ್ದೆ.

ಹೇಳಿದರೆ ಅವರು ನಾಚಿಕೆಯಿಂದ ಇನ್ನೆಂದೂ ನನ್ನ ಹೊಸ್ತಿಲು ತುಳಿಯುವುದಿಲ್ಲ. ಹೇಳದೆ ಕೇಳುತ್ತಾ ಹೋದರೆ ಅದು ಕಳ್ಳತನ, ದೇವರ ದೀಪದ ಮುಂದೆಯೇ ಮಾಡುವ ಕಳ್ಳತನ. ಮರುದಿನ ಷೋರೂಮಿಗೆ ಹೋದವನೇ “ಆ ಕೆಂಪು ಬೈಕು ತಗೊಳ್ತೀನಿ” ಅಂದೆ. ಕೊಟ್ರೇಶನಿಗೆ ಒಂದು ಗಳಿಗೆ ನಂಬಿಕೆ ಬರಲಿಲ್ಲ. ಬಂದ ಮೇಲೆ ಎದ್ದು ನನ್ನನ್ನು ತಬ್ಬಿಕೊಂಡ. “ಶನಿವಾರ ಸಂಜೆ ಒಳ್ಳೆ ಮುಹೂರ್ತ ಅದೆ. ಹಾರ ತಗಂಡು ನಾನೇ ನಿಮ್ಮ ಮನೆಗೆ ಬಂದು ಹಳೇದನ್ನ ಕರ್ಕಂಡು ಹೋಗ್ತೀನಿ. ಹೊಸದನ್ನ ಇವತ್ತೇ ಓಡ್ಸಿ!”

ಓಡಿಸಿದೆ. ಟಕ್, ಟಕ್, ಟಕ್. ಮನೆ ಸುಮ್ಮನಾಯಿತು. ಗುಂಡಿ ಒತ್ತಿದಾಗೊಮ್ಮೊಮ್ಮೆ ಸಿಗುತ್ತಿದ್ದ ಚೂರು ದನಿ ಅವರದೋ ಬೆಕ್ಕಿನದೋ ಎಂದು ಹೇಳಲಾಗುತ್ತಿರಲಿಲ್ಲ. ಒಡ್ಡಿನ ತಿರುವಿನಲ್ಲಿ ನನ್ನ ಎಡಗೈ ತಾನಾಗಿ ಬೆರಳು ಚಾಚಿ ಗಾಳಿಯನ್ನು ಹಿಡಿದು ಎಳೆಯುತ್ತಿತ್ತು. ಮನೆಗೆ ಬಂದರೆ ದೀಪ ಉರಿಯುತ್ತಿರುತ್ತಿತ್ತು, ಟೀ ಲೋಟ ತೊಳೆದು ಬೋರಲು ಹಾಕಿರುತ್ತಿತ್ತು, ಅವರಿಗೆ ಏನು ಬೇಕಿತ್ತೋ ಮಾತ್ರ ನನಗೆ ಗೊತ್ತಾಗುತ್ತಿರಲಿಲ್ಲ.

ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಲಮ್ಮಜ್ಜಿ ಸೆರಗಿನ ಗಂಟು ಬಿಚ್ಚಿ ನನ್ನ ಮನೆಯ ಬೀಗದ ಕೈಯನ್ನು ತೋರಿಸಿದಳು.

“ವಾಪಸ್ಸು ಕೊಟ್ಟುಬಿಟ್ರು ಕಣಪ್ಪ. ನಿನ್ನೆ ಬಂದು, ‘ಅಮ್ಮಾ, ಪಂಚಾಕ್ಷರಯ್ಯನೋರಿಗೆ ನನ್ನ ಮೇಲೆ ಏನಾದ್ರೂ ಬೇಜಾರಾ? ಟೀ ಪುಡಿ ಮುಗಿದು ಮೂರು ದಿನ ಆಯ್ತು, ತಂದಿಲ್ಲ’ ಅಂದ್ರು. ‘ನೀನು ಜೋರಾಗಿ ಹೇಳಿದ್ಯೇನಮ್ಮಾ, ಅವನದು ಈಗ ಹೊಸಾ ಗಾಡಿ, ಮನೆ ಸರಿಯಾಗಿ ಕೇಳಿಸಲ್ಲ’ ಅಂದೆ. ‘ಏನು ಕೇಳಿಸಲ್ಲ?’ ಅಂದ್ರು. ಅಯ್ಯೋ ಶಿವನೆ, ಗೊತ್ತೇ ಇರಲಿಲ್ವಂತೆ! ಹೇಳಿದೆ. ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ರು. ಲೋ, ನೀನಾದ್ರೂ ಹೇಳಬಾರದಿತ್ತೇನೋ?”

“ನೀನು ಹೇಳಿರ್ತೀಯ ಅಂದ್ಕೊಂಡಿದ್ದೆ.”

“ನಾನ್ಯಾಕೆ ಹೇಳಲಿ? ನಿನ್ನ ಗಾಡಿ, ನಿನ್ನ ಕಿವಿ!”

ನೇರವಾಗಿ ಹೋಗಿ ಮಾತಾಡುವ ಧೈರ್ಯ ನನಗೆ ಎಲ್ಲಿಂದ ಬರಬೇಕು? ಚಂಪಿಯನ್ನು ಬೆತ್ತದ ಬುಟ್ಟಿಯಲ್ಲಿ ಕೂರಿಸಿ, ಮೇಲೊಂದು ಟವಲು ಕಟ್ಟಿ, ದನದ ಆಸ್ಪತ್ರೆಗೆ ಹೊರಟೆ. ಅಲ್ಲಿ ಒಂದು ಕರುವಿಗೆ ಬಾಟಲಿಯಲ್ಲಿ ಔಷಧ ಕುಡಿಸುತ್ತಿದ್ದ ದಾಕ್ಷಾಯಣಿಯವರು ನನ್ನನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ಕರುವಿನ ಬಾಯಿ ಒರೆಸಿ ಕಳಿಸಿದರು. ಚಂಪಿಯನ್ನು ಮೇಜಿನ ಮೇಲೆ ತೆಗೆದಿಟ್ಟುಕೊಂಡು ಕಣ್ಣು, ಕಿವಿ, ಹಲ್ಲು ನೋಡಿದರು. ನನ್ನ ಕಡೆ ತಿರುಗಲಿಲ್ಲ.

“ಏನಾಗಿದೆಯಂತೆ ಚಂಪೀ ನಿನಗೆ?”

“ಏನೂ ಆಗಿಲ್ಲ” ಎಂದೆ ನಾನು.

“ನಿಮ್ಮನ್ನ ಕೇಳಲಿಲ್ಲ. ಚಂಪೀ, ನಿಮ್ಮ ಯಜಮಾನ್ರನ್ನ ಕೇಳು, ಎಲ್ಲಾ ಕೇಳಿಸ್ತಿತ್ತಂತಾ ಅವರಿಗೆ?”

“ಎಲ್ಲಾ ಅಲ್ಲ. ಗೇರು ಬದಲಾಯಿಸುವಾಗ ಮಾತ್ರ.”

“ದಿನಕ್ಕೆ ಎಷ್ಟು ಸಲ ಬದಲಾಯಿಸ್ತಿದ್ರಂತೆ?”

“ಮೊದಲು ಕಡಿಮೆ. ಆಮೇಲೆ ಜಾಸ್ತಿ.”

ಅವರ ತುಟಿಯ ತುದಿ ಅಲುಗಿದ ಹಾಗಾಯಿತು, ಆದರೆ ಅದು ನಗುವಾಗುವ ಮೊದಲೇ ಒಳಗೆ ಎಳೆದುಕೊಂಡರು. “ಪುಸ್ತಕದ ಗೆರೆ? ನಿಮ್ಮ ತಾಯಿಯವರದು ಅಂದ್ಕೊಂಡಿದ್ದೆ ನಾನು.”

“ನಿಲ್ಲೋ ಜಾಗ ಅವ್ವಂದು. ಗೆರೆ ನಂದು.” ಇಷ್ಟು ಮಾತು ಹೊರಬಂದದ್ದೇ ನನಗೆ ದೊಡ್ಡದು, ಉಳಿದದ್ದನ್ನೂ ದೂಡಿಬಿಟ್ಟೆ. “ನಿಮಗೆ ಗೊತ್ತಿದೆ ಅಂತಲೇ ತಿಳಿದಿದ್ದೆ. ದೇವರಾಣೆ. ಗೊತ್ತಿಲ್ಲ ಅಂತ ಗೊತ್ತಾದ ಮರುದಿನವೇ ಆ ಗಾಡಿ ಬಿಟ್ಟೆ. ಈಗಿನದರಲ್ಲಿ ಕ್ಲಚ್ಚೇ ಇಲ್ಲ. ಏನೂ ಕೇಳಿಸೋದಿಲ್ಲ. ನೀವು ಧೈರ್ಯವಾಗಿ ಬರಬಹುದು.”

ದಾಕ್ಷಾಯಣಿಯವರು ಆಗ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾಚಿಕೆ ಇರಬಹುದೆಂದು ಹೆದರಿ ಬಂದಿದ್ದೆ. ಅಲ್ಲಿದ್ದದ್ದು ನಾಚಿಕೆಯಲ್ಲ, ಸಿಟ್ಟು.

“ಸಕ್ಕರೆ ಅಂದೆ, ಸಕ್ಕರೆ ಇಟ್ರಿ. ಜರಡಿ ಅಂದೆ, ಜರಡಿ ತಂದ್ರಿ. ಕಿಟಕಿ, ಬೆಕ್ಕಿನ ಹೆಸರು, ಪುಸ್ತಕ, ಯಾವುದನ್ನೂ ಬಿಡಲಿಲ್ಲ ನೀವು. ಕೊನೇಲಿ ಒಂದು ಮಾತು ಅಂದೆ. ಅದನ್ನೂ ಕೇಳಿಸ್ಕೊಂಡ್ರಿ, ಅಲ್ವಾ?”

“ಹೂಂ.”

“ಅದೊಂದಕ್ಕೆ ನೀವು ಕೊಟ್ಟ ಉತ್ತರ ಏನು? ಹೋಗಿ ಗಾಡಿ ಬದಲಾಯಿಸಿದ್ದು!”

ನೆಲದ ಮೇಲೆ ಕರುವಿನ ಗೊರಸಿನ ಗುರುತುಗಳಿದ್ದವು. ಅವರು ಚಂಪಿಯ ಬಾಯಿ ತೆರೆದು ಜಂತುಹುಳದ ಮಾತ್ರೆಯ ತುಂಡೊಂದನ್ನು ಹಾಕಿ, ಗಂಟಲು ಸವರಿ ನುಂಗಿಸಿ, ಬುಟ್ಟಿಯೊಳಗಿಟ್ಟು, ಟವಲನ್ನು ಬಿಗಿಯಾಗಿ ಕಟ್ಟಿದರು. “ಕರ್ಕೊಂಡು ಹೋಗಿ. ಹಿಂದೆ ಎತ್ತು ಕಾಯ್ತಾ ಇದೆ.”

ಶನಿವಾರ ಬಂತು. ಆ ದಿನಗಳಲ್ಲಿ ಹಾಲಮ್ಮಜ್ಜಿಯೇ ಕುಂಟಿಕೊಂಡು ಬಂದು ದೀಪ ಹಚ್ಚುತ್ತಿದ್ದಳು. ಸಂಜೆ ಕೊ‌ಟ್ರೇಶ ದೊಡ್ಡ ಚೆಂಡುಹೂವಿನ ಹಾರ ಹಿಡಿದು ಬಂದ. ಹಳೇ ಬೈಕನ್ನು ತೊಳೆದು ಒರೆಸಿ ಅಂಗಳದಲ್ಲಿ ನಿಲ್ಲಿಸಿದ್ದೆ. ಹಾರ ಹಾಕಿದರೆ ಅದು ಮದುಮಗನ ಥರ ಕಾಣುವ ಬದಲು ಬೇರೆಯೇ ಥರ ಕಾಣುತ್ತದೆ ಅನ್ನಿಸಿ, “ಸ್ವಲ್ಪ ತಡಿ ಕೊಟ್ರೇಶಿ, ಕೊನೇದಾಗಿ ಒಂದು ಸುತ್ತು ಹೋಗಿ ಬರ್ತೀನಿ” ಅಂದೆ.

“ಹೋಗಿಬನ್ನಿ ಅಣ್ಣಾ, ಇಷ್ಟು ವರ್ಷ ಸಾಕಿದೀರ. ಈ ಗಾಡಿದು ಇನ್ನೊಂದು ಕೀ ಎಲ್ಲಿ?”

“ದೇವರ ಗೂಡಿನ ಪಕ್ಕದ ಮೊಳೇಲಿದೆ. ಹಾಲಮ್ಮಜ್ಜಿ ದೀಪ ಹಚ್ಚೋಕೆ ಬರ್ತಾಳೆ, ಇಸ್ಕೋ.” ಬಾಗಿಲಿಗೆ ಬೀಗ ಹಾಕುವ ಅಭ್ಯಾಸದಲ್ಲಿ ಬೀಗ ಹಾಕಿ, ಅವನನ್ನು ಜಗಲಿಯ ಮೇಲೆ ಕೂರಿಸಿ ಹೊರಟೆ.

ಘಾಟಿ ಹತ್ತಿದೆ. ಹತ್ತುವಾಗ ಕ್ಲಚ್ಚು ಹಿಡಿದರೆ ಗಡಿಯಾರ, ನಲ್ಲಿಯ ತೊಟ್ಟು, ಚಂಪಿ ಎಲ್ಲೋ ಮೈ ನೆಕ್ಕಿಕೊಳ್ಳುವ ಸದ್ದು. ಇವುಗಳನ್ನೂ ಇನ್ನು ಮೇಲೆ ಕೇಳುವಂತಿಲ್ಲ. ಮೇಲಿನ ಬಂಡೆಯ ಹತ್ತಿರ ಗಾಡಿ ನಿಲ್ಲಿಸಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಟ್ಟಿಯಾಗಿ ಹೇಳಿ ನೋಡಿದೆ: “ದಾಕ್ಷಾಯಣಿಯವರೇ, ನಿಮ್ಮನ್ನೊಂದು ಮಾತು ಕೇಳಬೇಕಿತ್ತು.” ಹೇಳಲು ಬಂತು. ಬಂಡೆಗೆ ಹೇಳುವುದು ಅಷ್ಟು ಕಷ್ಟವಲ್ಲ. ಮುಂದಿನ ವಾಕ್ಯವನ್ನೂ ಹೇಳಿದೆ. ಅದೂ ಬಂತು. ಇನ್ನೊಂದು ಸಲ ಹೇಳಿ, ಮೂರನೆಯ ಸಲಕ್ಕೆ ನಾಚಿಕೆಯಾಗಿ ಗಾಡಿ ಹತ್ತಿದೆ. ಇಳಿದು ಹೋದವನೇ ಹಾಲಮ್ಮಜ್ಜಿಯ ಮಹಡಿ ಮೆಟ್ಟಿಲು ಹತ್ತುವುದು, ಬಾಗಿಲು ತಟ್ಟುವುದು, ಅವರು ಏನೇ ಬೈಯಲಿ ಇದನ್ನೇ ಹೇಳಿಬಿಡುವುದು ಎಂದುಕೊಂಡೆ. ಗಾಡಿ ಹೋದರೆ ಹೋಗಲಿ.

ಇಳಿಜಾರು ಶುರುವಾದ ಕೂಡಲೇ ಕ್ಲಚ್ಚು ಹಿಡಿದೆ. ಬಿಡಲಿಲ್ಲ. ಬೈಕು ತಾನಾಗಿ ಉರುಳುತ್ತಿತ್ತು, ನಾನು ಬ್ರೇಕಿನ ಮೇಲೆ ಕಾಲಿಟ್ಟು ಕೇಳುತ್ತಿದ್ದೆ.

ಬೀಗ ತೆಗೆದ ಸದ್ದು. ಹೆಜ್ಜೆ. ಬೆಂಕಿಕಡ್ಡಿ ಗೀರಿದ ಸದ್ದು. ಹಾಲಮ್ಮಜ್ಜಿ ಬೆಂಕಿಕಡ್ಡಿಯನ್ನು ಎರಡು ಮೂರು ಸಲ ಗೀರುತ್ತಾಳೆ. ಇದು ಒಂದೇ ಗೀರಿಗೆ ಹತ್ತಿಕೊಂಡಿತು. ಚಂಪಿ ಓಡಿ ಬಂದು ದೊಡ್ಡದಾಗಿ ಮಿಯಾಂವ್ ಅಂದಿತು.

“ಅಮ್ಮಾ, ಹಾಲಮ್ಮಜ್ಜಿ ಬರಲಿಲ್ವಾ?” ಕೊಟ್ರೇಶನ ದನಿ, ಹೊಸ್ತಿಲಿನಿಂದ.

“ಅವರ ಮಂಡಿಗೆ ಎಣ್ಣೆ ಹಚ್ಚಿ ಮಲಗಿಸಿ ಬಂದೆ. ಬೀಗದ ಕೈ ನಾನೇ ಇಸ್ಕೊಂಡೆ.” ದಾಕ್ಷಾಯಣಿಯವರು! “ನೀವು ಯಾರು?”

“ಷೋರೂಮು ಕೊಟ್ರೇಶ ಅಂತ. ಪಂಚಣ್ಣನ ಹಳೇ ಗಾಡಿ ತಗಂಡು ಹೋಗಕ್ಕೆ ಬಂದೆ.”

“ಅವರೆಲ್ಲಿ?”

“ಕೊನೇ ಸುತ್ತು ಅಂತ ಘಾಟಿ ಕಡೆ ಹೋದ್ರು. ಇನ್ನೇನು ಬರ್ತಾರೆ.”

“ಯಾವುದರಲ್ಲಿ ಹೋದ್ರು? ಹಳೇದರಲ್ಲೋ, ಆ ಕಿವುಡು ಗಾಡೀಲೋ?”

“ಕಿವುಡು ಅನ್ನಬೇಡಿ ಅಮ್ಮಾ, ವ್ಯಾಪಾರ ಕೆಡ್ತದೆ. ಹಳೇದರಲ್ಲೇ ಹೋದ್ರು.”

ಆಮೇಲೆ ಬರೀ ಗಡಿಯಾರ ಹೊಡೆದುಕೊಳ್ಳುತ್ತಿತ್ತು. ನನ್ನ ಬೆರಳುಗಳು ಜೋಮು ಹಿಡಿದಿದ್ದವು, ಒಡ್ಡಿನ ತಿರುವು ಕಣ್ಣಿಗೆ ಬಿದ್ದಿತ್ತು. ಅವರು ಎಲ್ಲೋ ನಿಂತಿದ್ದಾರೆ, ಸುಮ್ಮನೆ ನಿಂತಿದ್ದಾರೆ ಎಂದು ನನಗೆ ಗೊತ್ತಾಯಿತು. ಸಾಲಿನ ಕೊನೆಗೆ ಗೆರೆ ಎಳೆದ ಕಡೆ ನಿಲ್ಲುತ್ತಿದ್ದರಲ್ಲ, ಹಾಗೆ. ನಾನೂ ಉಸಿರು ಹಿಡಿದೆ.

“ಅಲ್ಲಿ ಮೊಳೇಲಿ ನೇತಾಡ್ತಾ ಅದಲ್ಲ ಅಮ್ಮಾ, ಆ ಗಾಡಿದು ಇನ್ನೊಂದು ಕೀ, ಅದನ್ನ ಒಂಚೂರು ಕೊಡಿ” ಎಂದ ಕೊಟ್ರೇಶ. “ಅಣ್ಣ ಬಂದ ಕೂಡ್ಲೆ, ಮುಹೂರ್ತ ಮೀರೋದ್ರೊಳಗೆ ಹಾರ ಹಾಕಿ ತಗಂಡು ಹೊರಡ್ತೀನಿ.”

ಮೊಳೆಯಿಂದ ಕೀ ತೆಗೆದ ಸದ್ದಾಯಿತು. ಮುಷ್ಟಿಯೊಳಗೆ ಅದು ಒಮ್ಮೆ ಕಿಣಿ ಎಂದು ಸುಮ್ಮನಾಯಿತು. ಆಮೇಲೆ ಅವರು, ಎದುರಿಗಿದ್ದ ಕೊಟ್ರೇಶನಿಗೆ ಬೇಕಾದ್ದಕ್ಕಿಂತ ಎಷ್ಟೋ ಗಟ್ಟಿಯಾಗಿ, ಘಾಟಿಯ ಇಳಿಜಾರಿನಲ್ಲಿ ಉರುಳಿ ಬರುತ್ತಿರುವವನಿಗೂ ಒಂದಕ್ಷರ ತಪ್ಪದೆ ಕೇಳಿಸುವಂತೆ, ಹೇಳಿದರು:

“ಕೊಡೋದಿಲ್ಲ.”